ತೊಳೆದ ಗಾಜು

ಹೆಂಗಸರ ಮುಖ ನೋಡದೆಯೇ ಅವರ ಫೋಟೋ ತೆಗೆಯಬಲ್ಲವನು ಹುಣಸೂರಿನಲ್ಲಿ ಖದೀರ್ ಒಬ್ಬನೇ. ಹೆಂಗಸರು ಪರಗಂಡಸರಿಗೆ ಕಾಣಿಸಿಕೊಳ್ಳದ ಗೋಷಾ ಮನೆಯಿಂದ ಕರೆ ಬಂದರೆ ಖಾಲಿ ಕೋಣೆಗೆ ಮೊದಲು ತಾನು ಹೋಗುತ್ತಿದ್ದ. ಕುರ್ಚಿಯ ಮೇಲೆ ಎರಡು ದಿಂಬು, ದಿಂಬಿನ ಮೇಲೊಂದು ತಾಮ್ರದ ಬಿಂದಿಗೆ. ಆ ಬಿಂದಿಗೆಯೇ ಮುಖ ಎಂದುಕೊಂಡು ಕ್ಯಾಮೆರಾ ಹೊಂದಿಸಿ, ಗಾಜಿನ ಪ್ಲೇಟು ತುಂಬಿ, ಒತ್ತಿದರೆ ಕ್ಯಾಮೆರಾದ ಕಣ್ಣು ತೆರೆಯುವ, ಉದ್ದನೆಯ ಕೊಳವೆಯ ತುದಿಯಲ್ಲಿದ್ದ ರಬ್ಬರ್ ಚೆಂಡನ್ನು ಕುರ್ಚಿಯ ಪಕ್ಕದಲ್ಲಿಟ್ಟು ಆಚೆ ಬರುತ್ತಿದ್ದ. ಆಮೇಲೆ ಹೆಂಗಸರು ಒಳಗೆ ಹೋಗಿ ಕೂರಬೇಕು. ಪರದೆಯ ಈಚೆಯಿಂದ ಇವನು ಏಕ್, ದೋ, ತೀನ್ ಎಂದು ಎಣಿಸುವಷ್ಟು ಹೊತ್ತು ಒಬ್ಬರು ಆ ಚೆಂಡನ್ನು ಒತ್ತಿ ಹಿಡಿಯಬೇಕು. ಅಂಗಡಿಗೆ ಹೋಗಿ ಪ್ಲೇಟನ್ನು ಮದ್ದಿನ ನೀರಲ್ಲಿ ತೊಳೆದಾಗ ಅದರ ಮೇಲೆ ಮೂಡುವ ಮುಖವನ್ನು ಇವನು ನೋಡಿಯೇ ನೋಡುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದನ್ನೇ ಊರು ಮರ್ಯಾದೆ ಎಂದು ಕರೆಯುತ್ತಿತ್ತು.

ಮರದ ಮಂಡಿಯ ಸಾಹುಕಾರ ಜಾನ್ ಪಾಷಾರ ಮಗಳು ಅಕ್ತರುನ್ನೀಸಾಗೆ ಹದಿನೇಳು ವರ್ಷ. ಎದೆಯ ಕಾಯಿಲೆ. ಮಳೆಗಾಲ ದಾಟುವುದು ಕಷ್ಟ ಎಂದು ಮೈಸೂರಿನ ಡಾಕ್ಟರು ಕೈ ಚೆಲ್ಲಿದ್ದರು. ಮಗಳ ಮುಖ ಪಟದಲ್ಲಾದರೂ ತನ್ನ ಹತ್ತಿರ ಉಳಿಯಲಿ ಎಂದು ತಾಯಿ ಫಾತಿಮುನ್ನೀಸಾ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಸಾಹುಕಾರರು ಖದೀರನಿಗೆ ಹೇಳಿಕಳಿಸಿದರು.

ಕೋಣೆಗೆ ಕಾಲಿಟ್ಟೊಡನೆ ಖದೀರನ ಕಣ್ಣು ಹೊಳೆಯುವುದನ್ನೆಲ್ಲ ಹುಡುಕಿತು. ಫೋಟೋದವನಿಗೆ ಹೊಳಪೇ ಹಗೆ. ಹಿತ್ತಾಳೆಯ ಪೀಕದಾನಿಯನ್ನು ತೆಗೆಸಿದ. ಗೋಡೆಯ ಮೇಲಿದ್ದ ಮಕ್ಕಾದ ಪಟವನ್ನು ಇಳಿಸಿದ, ಅದರ ಗಾಜು ಬೆಳಕನ್ನು ಎದುರಿಗೆ ಉಗುಳುತ್ತಿತ್ತು. ಕುರ್ಚಿಯ ಹಿಂದಿದ್ದ ಕಿಟಕಿಯನ್ನು ಮುಚ್ಚಿ ಪಕ್ಕದ ಬಾಗಿಲಿನ ಬೆಳಕನ್ನಷ್ಟೇ ಇಟ್ಟುಕೊಂಡ. ಉಳಿದದ್ದು ಕುರ್ಚಿಯ ಬಲಕ್ಕೆ ನಿಂತಿದ್ದ ಆಳೆತ್ತರದ ಕನ್ನಡಿ ಬೀರು.

"ಇದನ್ನ ಸರಿಸ್ಬೇಕು ಸಾಹುಕಾರ್ರೇ."

"ಅದು ಅವಳ ಮದುವೇಗೆ ಅಂತ ಮಾಡ್ಸಿದ್ದು ಕಣೋ. ಬೀಟೆ ಮರ. ಫೋಟೋದಲ್ಲಿ ಬರ್ಲೇಬೇಕು."

"ಕನ್ನಡೀಲಿ ಇರೋದೆಲ್ಲಾನೂ ಬತ್ತದೆ."

"ಬರ್ಲಿ ಬುಡು. ನಮ್ಮನೇದೇ ತಾನೆ?"

ಖದೀರ್ ಆಚೆ ಬಂದು ಪರದೆ ಎಳೆದ. ಒಳಗೆ ಚೆಂಡು ಹಿಡಿದವಳು ಬಿಳಿಕೆರೆಯ ಪುಟ್ಟಮಾದಮ್ಮ. ಆ ಮನೆಯ ಕೆಲಸದವಳು, ಅಕ್ತರುನ್ನೀಸಾಳನ್ನು ಎತ್ತಿ ಆಡಿಸಿದವಳು. ಕುರ್ಚಿ ಕಿರುಗುಟ್ಟಿತು. ಕೆಮ್ಮು ಬಂತು, ನಿಂತಿತು, ಮತ್ತೆ ಬಂತು.

"ಕಿಟ್ಕಿ ವಸಿ ತೆಗಿ ಅಜ್ಜಿ. ಉಸ್ರು ಕಟ್ತದೆ."

"ತೆಗೀತೀನಿ ಇರವ್ವ."

ಚಿಲಕದ ಸದ್ದು. ಕಿಟಕಿ ತೆರೆದರೆ ಬಿಸಿಲು ನೇರ ಕ್ಯಾಮೆರಾದ ಕಣ್ಣಿಗೇ ಹೊಡೆಯುತ್ತದೆ ಎಂದು ಖದೀರನಿಗೆ ಗೊತ್ತಿತ್ತು. ಆದರೆ ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ಒಳಗಿನ ಹೆಣ್ಣುಮಗಳ ಮಾತು ತನ್ನ ಕಿವಿಗೆ ಬಿತ್ತೆಂದು ಹೇಗೆ ತೋರಿಸಿಕೊಳ್ಳುವುದು? ಅವನು ಕೇಳಿಸದವನಂತೆ ನಿಂತ. ಸಾಹುಕಾರರೂ ಕೇಳಿಸದವರಂತೆ ನಿಂತರು.

"ಅದೇನಜ್ಜಿ ಅಂಗೆ ಹಿಡ್ಕಂಡಿದ್ದೀಯ?"

"ಮೇಕೆ ಕೆಚ್ಲು ಇದ್ದಂಗದೆ ಕಣವ್ವ. ಹಿಂಡುದ್ರೆ ನೀನು ಬತ್ತೀಯಂತೆ."

ಹುಡುಗಿ ನಕ್ಕಳು. ಖದೀರ್ ಎಣಿಸಿದ. ಏಕ್, ದೋ, ತೀನ್.

ಪ್ಲೇಟು ತೊಳೆದು ಕಾಗದಕ್ಕೆ ಇಳಿಸಿದಾಗ ಮುಖ ಇರಬೇಕಾದ ಕಡೆ ಹಾಲು ಚೆಲ್ಲಿದಂಥ ಬಿಳುಪು. ಕೊರಳಿನಿಂದ ಕೆಳಗೆ ಮಾತ್ರ ಸರಿಯಾಗಿತ್ತು. ಆದರೆ ಬೀರುವಿನ ಕನ್ನಡಿಯೊಳಗೆ ಅವಳ ಮುಖ ಒಂದು ಮಗ್ಗುಲಿನಿಂದ ಚೂರೂ ಮಾಸದೆ ಬಂದಿತ್ತು. ನಗುತ್ತಿದ್ದಳು. ಹೆಗಲ ಹಿಂದೆ ಪುಟ್ಟಮಾದಮ್ಮನ ಬೊಚ್ಚುಬಾಯಿ.

ಅಂಗಡಿಗೆ ಬಂದ ಸಾಹುಕಾರರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನನ್ನ ಮಗಳ ಮುಖ ಎಲ್ಲೋ?"

"ಕನ್ನಡೀಲೈತೆ, ನೋಡಿ. ಅಷ್ಟನ್ನೇ ದೊಡ್ಡದು ಮಾಡಿ ಕೊಡ್ತೀನಿ."

"ಕಸ ಗುಡ್ಸೋಳ ಜೊತೆ ಹಲ್ಲು ಕಿರ್ಕೊಂಡು ಕೂತಿರೋದನ್ನ ಗೋಡೆಗೆ ನೇತಾಕ್ಲಾ? ನಿಮ್ಮಪ್ಪ ಡಬ್ಬಕ್ಕೆ ಬೆಸುಗೆ ಹಾಕ್ತಿದ್ದ. ನೀನೂ ಅದನ್ನೇ ಮಾಡ್ಕೊಂಡಿದ್ರೆ ಆಗ್ತಿತ್ತು." ಕಾಗದವನ್ನು ನಾಲ್ಕು ಚೂರು ಮಾಡಿ ಕೆಳಗೆ ಹಾಕಿದರು. "ಸರಿಯಾಗಿ ಇನ್ನೊಂದು ತೆಗಿ. ಈ ದರಿದ್ರದ್ದು ಯಾರ ಕಣ್ಣಿಗೂ ಬೀಳ್ಕೂಡ್ದು."

ತನ್ನನ್ನು ಅಂದಿದ್ದರೆ ಖದೀರ್ ನುಂಗಿಕೊಳ್ಳುತ್ತಿದ್ದ, ಸತ್ತ ಅಪ್ಪನನ್ನು ಎಳೆದು ತಂದಿದ್ದರು. ಒಲೆಯ ಮೇಲೆ ಬಟ್ಟೆ ಸೋಡಾದ ನೀರು ಕಾಯಿಸಿ ಪ್ಲೇಟನ್ನು ಅದರಲ್ಲಿ ಮುಳುಗಿಸಿದ. ಕೆಟ್ಟ ಪ್ಲೇಟಿನ ಮೇಲಿನ ಚಿತ್ರದ ಪೊರೆಯನ್ನು ಕೆರೆದು ತೊಳೆದು ಆ ಗಾಜನ್ನು ಪಟದ ಚೌಕಟ್ಟಿಗೆ ಹಾಕುವುದು ಅವನ ಅಂಗಡಿಯ ವಾಡಿಕೆ. ಹುಣಸೂರಿನ ಎಷ್ಟೋ ಗೋಡೆಗಳ ಮೇಲೆ ಅಂಥ ಗಾಜುಗಳಿದ್ದವು. ವಾರಕ್ಕೊಮ್ಮೆ ಕೂತು ಮಾಡುವ ಕೆಲಸವನ್ನು ಆವತ್ತು ನಿಂತ ಕಾಲಲ್ಲಿ ಮಾಡಿದ. ಚಾಕು ಮೊದಲು ಹೋದದ್ದು ಪ್ಲೇಟಿನಲ್ಲಿ ಕನ್ನಡಿ ಮೂಡಿದ್ದ ಕಡೆಗೇ. ನಗು ಸುರುಳಿ ಸುತ್ತಿಕೊಂಡು ಎದ್ದು ಬಂತು.

ಮೂರು ದಿನ ಬಿಟ್ಟು ಮತ್ತೆ ಹೋದ. ಈ ಸಲ ಒಂದು ಕಿಡಿಯನ್ನೂ ಉಳಿಸುವುದಿಲ್ಲ ಎಂದು ಹಟ ಹಿಡಿದಿದ್ದ. ಕಿಟಕಿಗೆ ಕಂಬಳಿ ಹೊದಿಸಿ ಮೊಳೆ ಹೊಡೆದ. ಬೀರುವಿನ ಮರ ಕಾಣುವಂತೆ ಬಿಟ್ಟು ಕನ್ನಡಿಗೆ ತನ್ನ ತಾಯಿ ಬಷೀರಾಬಿಯ ಕರಿ ಬುರ್ಖಾ ಇಳಿಬಿಟ್ಟ. ಕೋಣೆ ಗುಹೆಯಂತಾಯಿತು. ಬೆಳಕು ಕಡಿಮೆಯಾದ್ದರಿಂದ ಎಂಟರವರೆಗೆ ಎಣಿಸಬೇಕಿತ್ತು. ಅಷ್ಟು ಹೊತ್ತೂ ಹುಡುಗಿ ಉಸಿರು ಹಿಡಿದು ಅಲುಗದೆ ಕೂರಬೇಕು.

"ಅವ್ರಿಗೆ ಮೂಗುಬೊಟ್ಟು ಐತೇನಜ್ಜಿ?" ಎಂದು ಪರದೆಯ ಈಚೆ ನಿಂತು ಕೇಳಿದ.

"ಐತೆ. ಯಾಕೆ?"

"ಹೊಳೀತದೆ. ತೆಗೀರಿ. ಬಳೇನೂವೆ."

"ಅದನ್ನ ಯಾವಾಗ ಬಿಚ್ಚೋದು ಅಂತ ಗೊತ್ತೇನಪ್ಪ ನಿಂಗೆ?" ಪುಟ್ಟಮಾದಮ್ಮ ಕೇಳಿದಳು.

"ಫೋಟೋ ಸರಿಯಾಗಿ ಬರ್ಬೇಕಾ ಬ್ಯಾಡ್ವಾ? ತೆಗೀರಿ. ಮತ್ತೆ ನೀನು ತಮಾಸೆ ಮಾಡಿ ನಗಿಸ್ಬ್ಯಾಡ."

ಬಳೆಗಳು ಒಂದೊಂದಾಗಿ ತಟ್ಟೆಗೆ ಬಿದ್ದವು. ಎಂಟರವರೆಗೂ ಎಣಿಸಿದ. ಹುಡುಗಿ ತಡೆದುಕೊಂಡಳು. ಎಂಟಾದ ಮೇಲೆ ಬಂದ ಕೆಮ್ಮು ಅವನು ಸಾಮಾನು ಕಟ್ಟಿ ಬೀದಿಯ ತಿರುವು ದಾಟುವವರೆಗೂ ಕೇಳಿಸುತ್ತಲೇ ಇತ್ತು.

ಪಟ ಬಲು ಚೊಕ್ಕವಾಗಿ ಬಂತು. ಒಂದು ಮಚ್ಚೆಯಿಲ್ಲ, ಒಂದು ಗೆರೆಯಿಲ್ಲ. ಅವನ ಅಂಗಡಿಯಿಂದ ಅಷ್ಟು ಅಚ್ಚುಕಟ್ಟಾದ ಕೆಲಸ ಆಚೆ ಹೋದದ್ದೇ ಇಲ್ಲ. ಕಟ್ಟು ಹಾಕಲು ಕೈಗೆ ಸಿಕ್ಕಿದ ಗಾಜು ಮೊನ್ನೆ ತೊಳೆದಿಟ್ಟದ್ದು. ಅಳತೆ ಸರಿಹೋಯಿತು. ಕಟ್ಟಿನ ಅಂಟು ಒಣಗುವಷ್ಟರಲ್ಲಿ ಅಕ್ತರುನ್ನೀಸಾ ತೀರಿಕೊಂಡಿದ್ದಳು.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿದು ಜನ ಕರಗಿದ ಮೇಲೆ ಖದೀರ್ ಪಟ ತಂದ. ಸಾಹುಕಾರರು ಜಗಲಿಯಲ್ಲಿ ನೆಲ ನೋಡುತ್ತ ಕೂತಿದ್ದರು. ಪುಟ್ಟಮಾದಮ್ಮ ಪಟವನ್ನು ಒಳಗೊಯ್ದಳು. ಪರದೆಯ ಹಿಂದಿನಿಂದ ಫಾತಿಮುನ್ನೀಸಾರ ದನಿ ಬಂತು.

"ಖದೀರ್ ಬೇಟಾ, ಇದು ಮಯ್ಯತ್ ಆದ್ಮೇಲೆ ತೆಗೆದಿದ್ದಾ?"

"ಅಲ್ಲ ಖಾಲಾ. ಜೀವ ಇದ್ದಾಗ್ಲೇ."

"ಕಣ್ಣಲ್ಲಿ ಚೂರೂ ಬೆಳಕಿಲ್ವಲ್ಲ. ಮೂಗು ಬೋಳು. ಕೈ ಬೋಳು. ಮೊನ್ನೆ ಕಡೇ ಸ್ನಾನ, ಗುಸುಲ್ ಮಾಡ್ಸಿ ಮಲಗ್ಸಿದಾಗ ಹಿಂಗೇ ಇದ್ಲು."

ಪುಟ್ಟಮಾದಮ್ಮ ಹೊಸಲಿಗೆ ಬಂದು ನಿಂತಳು. "ಮೊದ್ಲು ಒಂದು ತೆಗೆದ್ಯಲ್ಲಪ್ಪ, ಅದೆಲ್ಲೈತೆ? ಆವತ್ತು ನಕ್ಕಿದ್ಲು ಕಣಪ್ಪ. ಕನ್ನಡೀಲಿ ನಾನೇ ಕಂಡಿವ್ನಿ."

"ಕೆಟ್ಟಿದ್ರೂ ಪರ್ವಾಗಿಲ್ಲ," ಎಂದಿತು ಒಳಗಿನ ದನಿ. "ಅರ್ಧ ಮುಖ ಇದ್ರೂ ಸಾಕು. ಅದನ್ನ ಕೊಡು."

ಖದೀರ್ ಸಾಹುಕಾರರನ್ನು ನೋಡಿದ. ಅವರು ತಲೆ ಎತ್ತಲಿಲ್ಲ. ಇವರು ಹರಿದರು ಎಂದು ಹೇಳಲು ಬಾಯಿ ತೆರೆದ. ಆದರೆ ಹರಿದದ್ದು ಕಾಗದ. ಪ್ಲೇಟು ಉಳಿದಿದ್ದರೆ ನೂರು ಕಾಗದ ಮಾಡಬಹುದಿತ್ತು.

"ಇಲ್ಲ ಖಾಲಾ. ಅದನ್ನ ನಾನೇ ಕೆರೆದು ತೊಳೆದ್ಬುಟ್ಟೆ."

"ಗಾಜಿನ ಮೇಲಿತ್ತಲ್ವಾ? ಆ ಗಾಜೆಲ್ಲಿ?"

ಸುಳ್ಳು ಹೇಳಬಹುದಿತ್ತು. ಹೊಳೆಗೆ ಎಸೆದೆ, ಒಡೆಯಿತು, ಏನಾದರೂ.

"ನಿಮ್ಮ ಕೈಲೇ ಐತೆ. ಪಟಕ್ಕೆ ಹಾಕಿರೋದು ಅದೇ."

ಒಳಗೆ ಅವನು ಕಿಟಕಿಗೆ ಹೊಡೆದು ಹಾಗೇ ಬಿಟ್ಟು ಬಂದಿದ್ದ ಮೊಳೆಗಳು ಕಿತ್ತು ಬಂದು ಕಂಬಳಿ ಬಿದ್ದ ಸದ್ದಾಯಿತು. ಕಿಟಕಿಯ ಚಿಲಕ ತೆಗೆದ ಸದ್ದು. ಆಮೇಲೆ ಸಣ್ಣದಾಗಿ, ಬಿಡದೆ, ಉಗುರಿನಿಂದ ಗಾಜನ್ನು ಕೆರೆಯುವ ಸದ್ದು.

ಈ ಸಲ ಖದೀರನಿಗೆ ಕೇಳಿಸದವನಂತೆ ನಿಲ್ಲಲು ಆಗಲಿಲ್ಲ. ಚಪ್ಪಲಿಯನ್ನು ಅಲ್ಲೇ ಬಿಟ್ಟು ಬೀದಿಗಿಳಿದ.