ತಾತನ ಪಾಸ್‌ವರ್ಡ್

ಔಷಧಿ ಗೋದಾಮಿನಲ್ಲಿ ಅವಳನ್ನು ಎಲ್ಲರೂ ಸಿಸ್ಟಮ್ ಅಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಕೆಮ್ಮಿದರೂ ಅಕ್ಕ, ಸೀನಿದರೂ ಅಕ್ಕ. ಆ ಬೆಳಿಗ್ಗೆ ಅದು ಕೆಮ್ಮಲೂ ಇಲ್ಲ, ಸೀನಲೂ ಇಲ್ಲ. ಲಾರಿಗೆ ಗೇಟ್ ಪಾಸ್ ಕೊಡುವುದಿಲ್ಲ ಎಂದು ಮೊಂಡುಹಠ ಹಿಡಿದು ಕೂತಿತು.

ಇನ್ಸುಲಿನ್ ಪೆಟ್ಟಿಗೆಗಳು ಆಗಲೇ ಕೋಲ್ಡ್ ರೂಮಿನಿಂದ ಹೊರಬಂದು ಲೋಡಿಂಗ್ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಮೊದಲು ಪಾಸ್, ಆಮೇಲೆ ಮಾಲು ಎನ್ನುವುದು ನಿಯಮ. ಅಲ್ಲಿ ನಡೆಯುತ್ತಿದ್ದದ್ದು ತಲೆಕೆಳಗು. ಪಾಸ್ ಹೇಗೂ ಬಂದೇ ಬರುತ್ತದಲ್ಲ, ಕಾಯುವವರು ಯಾರು?

"ಅಕ್ಕಾ, ವಾಪಸ್ ಒಳಗಿಡ್ಲಾ?" ಎಂದ ಲೋಡಿಂಗ್ ಮೇಸ್ತ್ರಿ.

"ಬೇಡ ಬಿಡಿ, ಹತ್ತೇ ನಿಮಿಷ."

ರೋಗವೇನೋ ಬೇಗ ಸಿಕ್ಕಿತು. ಆ ಸಾಫ್ಟ್‌ವೇರಿನಲ್ಲಿ ಪ್ರತಿ ಪಾಸ್‌ಗೂ ಇಬ್ಬರು ಬೇಕು. ಒಬ್ಬರು ತಯಾರಿಸಬೇಕು, ಇನ್ನೊಬ್ಬರು ಪೆಟ್ಟಿಗೆಯ ಉಷ್ಣತೆ ನೋಡಿ, ದಾಖಲಿಸಿ, ಒಪ್ಪಬೇಕು. ಒಪ್ಪುವ ಅಧಿಕಾರ ಇದ್ದದ್ದು ಹಿರಿಯ ಫಾರ್ಮಸಿಸ್ಟ್ ಒಬ್ಬರಿಗೇ. ಎಲ್ಲರ ಬಾಯಲ್ಲೂ ಅವರು ತಾತ. ಧಾರಾಳ ಮನುಷ್ಯ, ತಮ್ಮ ಪಾಸ್‌ವರ್ಡನ್ನು ಗೋದಾಮಿಗೆಲ್ಲ ಹಂಚಿದ್ದರು. ತಾತ ಜ್ವರ ಬಂದು ಮಲಗಿದ್ದ ದಿನವೂ ಅವರ ಒಪ್ಪಿಗೆ ನಿಂತದ್ದಿಲ್ಲ. ಹೀಗಾಗಿ ಇನ್ನೊಬ್ಬರಿಗೆ ಆ ಅಧಿಕಾರ ಕೊಡಬೇಕೆಂದು ಯಾರಿಗೂ ತೋಚಲೇ ಇಲ್ಲ. ಹಿಂದಿನ ಸಂಜೆಯಷ್ಟೇ ತಾತ ನಿವೃತ್ತರಾಗಿದ್ದರು. ನಿಯಮದಂತೆ ಅವರ ಖಾತೆಯನ್ನು ಶಾಶ್ವತವಾಗಿ ಮುಚ್ಚಿದವಳು ಅಕ್ಕನೇ.

ಹೊಸಬರನ್ನು ಸೇರಿಸಹೋದರೆ, ಈಗಿರುವ ಒಪ್ಪಿಗೆದಾರರು ಒಪ್ಪಬೇಕು ಎಂದಿತು ಪರದೆ. ಹುಚ್ಚು ಬಿಡುವವರೆಗೂ ಮದುವೆಯಾಗದು, ಮದುವೆಯಾಗುವವರೆಗೂ ಹುಚ್ಚು ಬಿಡದು. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದಳು.

"ನಿಮ್ಮ ಅಪ್ರೂವರ್ ಕಡೆಯಿಂದ ಒಂದು ರಿಕ್ವೆಸ್ಟ್ ಹಾಕ್ಸಿ ಮೇಡಂ, ಮಾಡಿಕೊಡ್ತೀವಿ."

"ಅವರೇ ಇಲ್ಲ ಅಂತ ತಾನೇ ಫೋನ್ ಮಾಡಿರೋದು!"

"ಅರ್ಥ ಆಯ್ತು ಮೇಡಂ. ಆದ್ರೂ ಅವರೇ ಹಾಕ್ಬೇಕು."

ಬಿಸಿಲು ಕಟ್ಟೆ ಹತ್ತಿತು. ಮೇಸ್ತ್ರಿ ಮತ್ತೆ ಬಂದ, ಅವಳು ಮತ್ತೆ ಹತ್ತೇ ನಿಮಿಷ ಎಂದಳು. ಇನ್ಸುಲಿನ್ ಅವಳಿಗೆ ಗೊತ್ತಿಲ್ಲದ್ದಲ್ಲ. ಅವಳ ಅಮ್ಮ ದಿನಾ ಚುಚ್ಚಿಕೊಳ್ಳುವುದು ಅದನ್ನೇ. ಸೀಸೆಯನ್ನು ಮೇಜಿನ ಮೇಲೆ ಮರೆತರೆ ಮನೆಯಲ್ಲಿ ರಂಪ ಮಾಡುವವಳು ಇವಳೇ. ಬಿಸಿಗೆ ಅದು ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ. ಎಲ್ಲ ಗೊತ್ತಿದ್ದೂ, ಒಳಗಿಡಿ ಎಂದರೆ ಸೋತೆ ಎಂದಂತೆ ಅನ್ನಿಸಿ ಬಾಯಿ ಬರಲಿಲ್ಲ. ಸುಟ್ಟರೂ ಹೋಗದ ಹಾಳು ಜಂಬ.

ಮಧ್ಯಾಹ್ನ ಮ್ಯಾನೇಜರ್ ಬಂದು ತಲೆಯ ಮೇಲೆ ನಿಂತರು. "ಏನಾದ್ರೂ ಮಾಡಮ್ಮಾ, ಅಂಗಡಿಯವರೆಲ್ಲ ಜೀವ ತಿಂತಿದ್ದಾರೆ."

ಅಕ್ಕ ಸೆಟ್ಟಿಂಗುಗಳನ್ನೆಲ್ಲ ಜಾಲಾಡಿದಳು. 'ಎರಡನೇ ಒಪ್ಪಿಗೆ ಕಡ್ಡಾಯ' ಎಂಬುದರ ಮುಂದೆ ಒಂದು ಟಿಕ್ ಇತ್ತು. ತೆಗೆದಳು. ಹೊಸ ಕಾವಲುಗಾರನನ್ನಿಡಲು ನೂರು ಅಪ್ಪಣೆ ಕೇಳಿದ ಸಾಫ್ಟ್‌ವೇರ್, ಕಾವಲನ್ನೇ ಕಿತ್ತೆಸೆದಾಗ ತುಟಿಪಿಟಕ್ಕೆನ್ನಲಿಲ್ಲ. ಪಾಸ್ ಬಂತು. ಯಾರೋ ಚಪ್ಪಾಳೆ ತಟ್ಟಿದರು.

ಅವಳು ಕಟ್ಟೆಗೆ ಓಡಿ ಪೆಟ್ಟಿಗೆ ಮುಟ್ಟಿದಳು. ಬಿಸಿಯಾಗಿತ್ತು.

"ಸರ್, ಈ ಮಾಲು ಹೋಗ್ಬಾರ್ದು. ಕೆಟ್ಟಿದೆ," ಎಂದಳು ಹಿಂದೆಯೇ ಬಂದ ಮ್ಯಾನೇಜರಿಗೆ.

"ಪರದೇಲಿ ಹಸಿರು ಇದೆಯಲ್ಲಮ್ಮಾ. ಉಷ್ಣತೆ ಎಷ್ಟು ಅಂತ ಕೇಳೇ ಇಲ್ಲ ಅದು."

"ಕೇಳದ ಹಾಗೆ ಮಾಡಿದ್ದೇ ನಾನು ಸರ್!"

"ಹೊರಗೇ ಇರ್ಲಿ ಅಂದಿದ್ದೂ ನೀನೇ ಅಂತೆ. ಅದನ್ನೂ ಬರೆದು ಮೇಲಕ್ಕೆ ಕಳಿಸ್ಲಾ?"

ಅವಳು ಹಿಂದಿರುಗಿ ಟಿಕ್ ಮತ್ತೆ ಹಾಕಹೋದಳು. ಒಪ್ಪಿಗೆದಾರರು ಒಪ್ಪಬೇಕು ಎಂದಿತು ಪರದೆ. ಹೊರಗೆ ಲಾರಿ ಹೊರಟ ಸದ್ದಾಯಿತು.

ಮೆಟ್ಟಿಲ ಬಳಿ ನಿಂತು ಮನೆಗೆ ಫೋನ್ ಮಾಡಿದಳು. "ಅಮ್ಮಾ, ಅಂಗಡಿಯಿಂದ ಹೊಸ ಇನ್ಸುಲಿನ್ ತರಿಸ್ಬೇಡ. ಫ್ರಿಜ್‌ನಲ್ಲಿರೋದೇ ಸಾಕು."

"ಯಾಕೇ, ಏನಾಯ್ತು?"

ಅಳು ತಡೆದುಕೊಂಡು ಎಲ್ಲವನ್ನೂ ಹೇಳಿದಳು.

"ಸರಿ, ನಾನು ತರಿಸಲ್ಲ," ಎಂದಳು ಅಮ್ಮ. "ಎದುರುಮನೆ ಅಜ್ಜಿ ಇನ್ಸುಲಿನ್ ಇವತ್ತಿಗೆ ಮುಗೀತಂತೆ ಕಣೇ. ಸಂಜೆ ಅಂಗಡಿಗೆ ಹೋಗ್ತೀನಿ ಅಂತಿದ್ರು. ಹೇಳ್ಲಾ ಅವರಿಗೆ?"

ಅಜ್ಜಿಗೆ ಹೇಳಿದರೆ ಬೀದಿಗೆ ಹೇಳಿದ ಹಾಗೆ. ಬೀದಿಗೆ ಗೊತ್ತಾದರೆ, ಸುದ್ದಿ ಹೊರಗೆ ಬಿಟ್ಟವಳು ಯಾರೆಂದು ಗೋದಾಮಿಗೂ ಗೊತ್ತಾಗುತ್ತದೆ, ಮ್ಯಾನೇಜರ್ ಮೇಲಕ್ಕೆ ಬರೆದೇ ಬರೆಯುತ್ತಾರೆ.

"ಬೇಡಮ್ಮಾ," ಎಂದಳು ಅಕ್ಕ.