ತಡೆದವರೇ ದಾಟಿಸಬೇಕು

ನಮ್ಮವ್ವ ಅಕ್ಕುತಾಯಿಗೆ ಮುಷ್ಕರವೆಂದರೆ, ನಮ್ಮ ಕಡೆಯ ಮಾತಿನಲ್ಲಿ ಸಂಪವೆಂದರೆ, ಹಬ್ಬ. ನನಗೆ ಆ ಹೆಸರು ಕೇಳಿದರೇ ಮೈಯೆಲ್ಲ ಉರಿ. ಅವಳು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿಯುವ ಹೆಂಗಸರ ಮುಂದಾಳು. ವಖಾರಿಯ ಬಾಗಿಲು ಮುಚ್ಚಿಸಿ ಅವಳು ಘೋಷಣೆ ಕೂಗುತ್ತಿದ್ದ ದಿನಗಳಲ್ಲಿ ಬೇಡಕಿಹಾಳದ ನಮ್ಮ ಮನೆಯ ಒಲೆಯೂ ತಣ್ಣಗಿರುತ್ತಿತ್ತು. ನಾನು ಬಿ.ಎ. ಮಾಡಿದ್ದು, ರೈಲ್ವೆಯ ಬುಕಿಂಗ್ ಕ್ಲಾರ್ಕ್ ಪರೀಕ್ಷೆ ಬರೆದದ್ದು, ಎಲ್ಲ ಒಂದೇ ಆಸೆಗೆ: ತಿಂಗಳಿಗೊಮ್ಮೆ ತಪ್ಪದೆ ಪಗಾರ ಬರಬೇಕು. ಇಂಥ ತಾಯಿ ಮಗಳು ಫ್ರಾನ್ಸಿಗೆ ಹೋಗಿ ರೈಲ್ವೆ ಮುಷ್ಕರಕ್ಕೇ ಸಿಕ್ಕಿಬಿದ್ದೆವು ಎಂದರೆ ಕೇಳಿದವರು ನಗುತ್ತಾರೆ. ನಗಲಿ.

ಅದು ೧೯೯೫ರ ಡಿಸೆಂಬರ್. ಓರ್ಲಿಯಾನ್ ಎಂಬ ಊರಿನಲ್ಲಿ ಒಂದು ಮಹಿಳಾ ಸಂಸ್ಥೆಯವರು ದುಡಿಯುವ ಹೆಂಗಸರ ಸಮ್ಮೇಳನ ಇಟ್ಟುಕೊಂಡು ಅವ್ವನನ್ನು ಕರೆಸಿದ್ದರು. ಖರ್ಚೆಲ್ಲ ಅವರದೇ. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು ಜೊತೆಗೆ. ತಂಬಾಕಿನ ಧೂಳು ಎದೆಯಲ್ಲಿ ಹೇಗೆ ಕೂರುತ್ತದೆಂದು ಅವಳು ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಸಮ್ಮೇಳನ ಮುಗಿದ ದಿನ ಊರಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿದೆ. ಸೋದರಮಾವ ಗುರಪ್ಪ ಓಡಿಬಂದು, ನನ್ನ ನೌಕರಿಯ ಆರ್ಡರ್ ಬಂದಿದೆ, ಸೋಮವಾರದೊಳಗೆ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಹಾಜರಾಗದಿದ್ದರೆ ಜಾಗ ಮುಂದಿನವರ ಪಾಲು ಎಂದ. ನಮ್ಮ ವಿಮಾನ ಪ್ಯಾರಿಸ್ಸಿನಿಂದ ಶನಿವಾರ ಸಂಜೆ. ಅದು ತಪ್ಪಿದರೆ ಇನ್ನೊಂದು ವಾರ ಸೀಟಿಲ್ಲ. ಅಂದರೆ ನೌಕರಿಯೂ ಇಲ್ಲ.

ಆದರೆ ಪ್ಯಾರಿಸ್ ಮುಟ್ಟಲು ರೈಲಿರಲಿಲ್ಲ. ಮುಷ್ಕರದಿಂದ ದೇಶದ ರೈಲುಗಳೆಲ್ಲ ಮೂರು ವಾರದಿಂದ ನಿಂತಿದ್ದವು. ಸಂಸ್ಥೆಯವರು ಸ್ಟೇಷನ್ ಮುಂದಿನಿಂದ ಹೊರಡುವ ಬಸ್ಸಿನಲ್ಲಿ ನಮಗೆ ಜಾಗ ಮಾಡಿಕೊಟ್ಟು, ಕೈ ಕುಲುಕಿ ಹೋದರು. ಪಾಪ, ಅವರಿಗೆ ಅವ್ವನ ಪೂರ್ತಿ ಪರಿಚಯವಿರಲಿಲ್ಲ.

ಶನಿವಾರ ಬೆಳಿಗ್ಗೆ ಸ್ಟೇಷನ್ನಿನ ಬಾಗಿಲ ಮುಂದೆ ಮುಷ್ಕರದವರು ಕಬ್ಬಿಣದ ಪೀಪಾಯಿಯಲ್ಲಿ ಬೆಂಕಿ ಹಾಕಿಕೊಂಡು ನಿಂತಿದ್ದರು. ಈಚೆಗೆ ನಮ್ಮ ಬಸ್ಸು. ಅವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ರೈಲು ನಿಂತಿರುವಾಗ ಈ ಬಸ್ಸು ಎಲ್ಲಿಂದ ಬಂತು ಎಂದು ಕೇಳಿದಳು. ರೈಲಿನ ಬದಲು ಸರಕಾರ ಬಿಟ್ಟದ್ದು ಎಂದುಬಿಟ್ಟೆ. ಇಟ್ಟ ಕಾಲು ಹಿಂದೆ ಬಂತು.

"ಸಂಪ ಮುರಿಯಾಕ ಬಿಟ್ಟ ಗಾಡಿ ಇದು. ನಾ ಹತ್ತೂದಿಲ್ಲ. ನೀ ಹೋಗು."

ಹೇಗೆ ಹೋಗಲಿ? ಅಲ್ಲಿನ ಒಂದು ಬೋರ್ಡು ಓದಲು ಬಾರದವಳನ್ನು ಆ ಚಳಿಯಲ್ಲಿ ಬಿಟ್ಟು? ಕೈ ಹಿಡಿದು ಎಳೆದೆ. ಬೇಡಿಕೊಂಡೆ. ಕೊನೆಗೆ ಬಾಯಿ ಬಿಟ್ಟೇಬಿಟ್ಟೆ.

"ಸಣ್ಣಾಕಿದ್ದಾಗ ನಿನ್ನ ಸಂಪ ನನ್ನ ಉಪಾಸ ಕೆಡವಿತು. ಈಗ ಮಂದಿ ಸಂಪ ನನ್ನ ನೌಕರಿ ತಿನ್ನಾಕತ್ತೈತಿ. ನಿನಗ ಹೊಟ್ಯಾಗ ಹುಟ್ಟಿದ ಮಗಳಿಗಿಂತ ಇದ ಹೆಚ್ಚಾತೇನು?"

ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಬಾಗಿಲು ಮುಚ್ಚಿತು. ಬಸ್ಸು ತಿರುವಿನಲ್ಲಿ ಮರೆಯಾಗುವತನಕ ನೋಡಿದೆ, ಆಮೇಲೆ ನಾಚಿಕೆ ಬಿಟ್ಟು ನಡುಬೀದಿಯಲ್ಲಿ ಅತ್ತೆ.

ಅವ್ವ ಸ್ವೆಟರಿನ ಮೇಲೆ ಸೆರಗು ಸರಿಪಡಿಸಿಕೊಂಡು ನೇರ ಆ ಬೆಂಕಿಯ ಕಡೆಗೆ ನಡೆದಳು.

ಇಲ್ಲಿ ನಿಪ್ಪಾಣಿಯ ಒಂದು ರೀತಿ ಹೇಳಬೇಕು. ವಖಾರಿಯ ಹೆಂಗಸರು ಪುಣೆ ರಸ್ತೆಯಲ್ಲಿ ಕುಳಿತು ರಸ್ತಾರೋಕೊ ಮಾಡಿದಾಗಲೆಲ್ಲ, ಮನೆಮನೆಯಿಂದ ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ ತರುತ್ತಿದ್ದರು. ತಮಗಲ್ಲ, ದಾರಿಯಲ್ಲಿ ಸಿಕ್ಕಿಬಿದ್ದವರಿಗೆ. ಬಸುರಿಯೋ, ಬೇನೆಯವರೋ, ಪರೀಕ್ಷೆಯ ಮಕ್ಕಳೋ ಇದ್ದರೆ ಕುಳಿತವರೇ ಎದ್ದು, ಸಿಕ್ಕ ಸೈಕಲ್ಲು ಚಕ್ಕಡಿ ಹಿಡಿದು ಆಚೆಗೆ ಮುಟ್ಟಿಸಬೇಕು. ದಾರಿ ತಡೆಯುವುದು ನಮ್ಮ ಹಕ್ಕು, ತಡೆಸಿಕೊಂಡವರು ನಮ್ಮ ಮನೆಯ ಬೀಗರು ಎಂಬುದು ಅವ್ವನೇ ಮಾಡಿದ ಕಾಯಿದೆ. ಅದು ಜಗತ್ತಿನ ಎಲ್ಲ ಮುಷ್ಕರಗಳ ಕಾಯಿದೆಯೆಂದೇ ಅವಳು ತಿಳಿದಿದ್ದಳು. ಅಲ್ಲವೆಂದು ಅವಳಿಗೆ ಯಾರು ಹೇಳಬೇಕು?

ಬೆಂಕಿಯ ಸುತ್ತ ನಿಂತವರಿಗೆ ಕೈ ಮುಗಿದು ಜೈ ಭೀಮ ಎಂದಳು. ಅವರು ಬೆರಗಾಗಿ ನೋಡಿದರು. ನನ್ನನ್ನು ಮುಂದೆ ಎಳೆದು, ಇವರಿಗೆ ಹೇಳು ಎಂದಳು.

"ನಮ್ಮ ಗಾಡಿ ತಡದವರು ನೀವು. ಭಾಕರಿ ಎಲ್ಲೈತಿ? ನನ್ನ ಮಗಳು ಸೋಮವಾರ ನೌಕರಿಗೆ ಹಾಜರಾಗಬೇಕು. ಯಾರು ದಾಟಸ್ತೀರಿ, ಹೇಳ್ರಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಸಿಟ್ಟು ನಾಚಿಕೆಗಿಂತ ದೊಡ್ಡದಿತ್ತು. ಇಂಗ್ಲಿಷ್ ಬಲ್ಲವಳು ಒಬ್ಬಳೇ, ನಡುವಯಸ್ಸಿನ ಮೋನಿಕ್. ಅವಳಿಗೆ ಅವ್ವನ ಮಾತು, ನಿಪ್ಪಾಣಿಯ ಕಾಯಿದೆ, ಬಿಟ್ಟುಹೋದ ಬಸ್ಸು ಎಲ್ಲವನ್ನೂ ಒಂದಕ್ಷರ ಮೆತ್ತಗೆ ಮಾಡದೆ ಒದರಿದೆ. ಅವಳು ತನ್ನವರಿಗೆ ಫ್ರೆಂಚಿನಲ್ಲಿ ಹೇಳಿದಳು. ಆಮೇಲೆ ಮುದುಕನೊಬ್ಬ ಬಾಗಿ ಬಾಗಿ ನಕ್ಕು, ಪಾತ್ರೆಯಿಂದ ಸಾರಿನಂಥದ್ದನ್ನು ಬೋಗುಣಿಗೆ ಸುರಿದು, ಉದ್ದನೆಯ ಬ್ರೆಡ್ಡು ಮುರಿದು ಅವ್ವನ ಕೈಗಿಟ್ಟ. ಅವ್ವ ಅದ್ದಿಕೊಂಡು ತಿಂದು, ಉಪ್ಪು ಕಡಿಮೆಯಾಗಿದೆ ಎಂದಳು. ಅದನ್ನು ಮಾತ್ರ ನಾನು ತಿರುಗಿಸಿ ಹೇಳಲಿಲ್ಲ.

ಎಂಥ ನೌಕರಿ ಎಂದು ಮೋನಿಕ್ ಕೇಳಿದಳು. ರೈಲ್ವೆಯಲ್ಲಿ, ಟಿಕೆಟ್ ಕೊಡುವುದು ಎಂದೆ. ಅವಳು ನನ್ನನ್ನೇ ನೋಡಿದಳು. ಅವಳೂ ಇದೇ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳಂತೆ. ಅವಳು ತಿರುಗಿ ಅದನ್ನು ಹೇಳಿದಾಗ ಈ ಸಲ ಯಾರೂ ನಗಲಿಲ್ಲ. ವಾದ ಶುರುವಾಯಿತು; ಏನೆಂದು ಮೋನಿಕ್ ಆಮೇಲೆ ಹೇಳಿದಳು. ಇಲ್ಲಿಂದ ಒಬ್ಬರೂ ಕದಲಬಾರದು ಎಂದು ಕೆಲವರು, ಇವಳು ನಾಳೆ ನಮ್ಮಂಥವಳೇ ಎಂದು ಕೆಲವರು. ಮೋನಿಕ್ ಎರಡೂ ಕಡೆಯವರ ಮಾತು ಮುಗಿಯಲು ಕಾಯಲಿಲ್ಲ. ಹೋಗಿ ತನ್ನ ಪುಟ್ಟ ಕಾರು ತಂದಳು.

ರೈಲಿಲ್ಲದ ದೇಶವೆಲ್ಲ ಕಾರು ಹತ್ತಿ ರಸ್ತೆಗೆ ಬಂದಿತ್ತು. ಹೆದ್ದಾರಿಯಲ್ಲಿ ಕಾರುಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು. ಮಧ್ಯಾಹ್ನವಾದರೂ ಅರ್ಧ ದಾರಿಯೂ ಆಗಿರಲಿಲ್ಲ. ಆಗುವುದಿಲ್ಲ, ತಿರುಗಿಸಿಬಿಡಿ ಎಂದೆ. ಮೂರು ವಾರದಿಂದ ರೈಲು ನಿಲ್ಲಿಸಿದವಳು ನಾನು, ಒಂದು ವಿಮಾನ ನಿಲ್ಲಿಸಲಾರೆನೇ ಎಂದು ಮೋನಿಕ್ ಕಾರನ್ನು ಹಳ್ಳಿಯ ದಾರಿಗೆ ಇಳಿಸಿದಳು. ಪಕ್ಕದ ಹೊಲಗಳಲ್ಲಿ ಕೆಸರು ಮೆತ್ತಿದ ಗಡ್ಡೆಗಳ ರಾಶಿ. ಅವುಗಳಿಂದ ಸಕ್ಕರೆ ಮಾಡುತ್ತಾರೆಂದು ಅವಳು ಹೇಳಿದರೆ, ಕಬ್ಬಿನ ಸೀಮೆಯ ಅವ್ವ ನಂಬಲೇ ಇಲ್ಲ. ತಮ್ಮ ಪೆನ್ಷನ್ನಿಗೆ ಸರಕಾರ ಕೈ ಹಾಕಿದ್ದಕ್ಕೆ ಈ ಮುಷ್ಕರವೆಂದೂ, ದಾರಿಯಲ್ಲಿ ಸಿಕ್ಕ ಜನ ಬೈಯುವುದು ಹೊಸದಲ್ಲವೆಂದೂ, ಬಂದು ಊಟ ಕೇಳಿದವರು ಮಾತ್ರ ನಾವೇ ಮೊದಲೆಂದೂ ಮೋನಿಕ್ ಹೇಳಿದಳು. ನನಗೆ ನಗು ಬಂತು. ಆ ದಿನದ ಮೊದಲ ನಗು.

ವಿಮಾನ ನಿಲ್ದಾಣ ಮುಟ್ಟಿದಾಗ ಹೊತ್ತು ಮೀರಿತ್ತು. ಆದರೆ ಅರ್ಧ ಪ್ರಯಾಣಿಕರು ನಮ್ಮ ಹಾಗೇ ರಸ್ತೆಯಲ್ಲಿ ಸಿಕ್ಕಿದ್ದರಿಂದ ವಿಮಾನ ಕಾದಿತ್ತು. ಓಡುವ ಗಡಿಬಿಡಿಯಲ್ಲೂ ಅವ್ವ ನಿಂತು, ಮೋನಿಕ್‌ಳ ಮುಖ ಸವರಿ, ತನ್ನ ಹಣೆಗೆ ಬೆರಳೊತ್ತಿ ದೃಷ್ಟಿ ತೆಗೆಯುವಂತೆ ನೆಟಿಗೆ ಮುರಿದಳು. ಆ ಸಪ್ಪಳಕ್ಕೆ ಮೋನಿಕ್ ಬೆಚ್ಚಿದಳು, ಆಮೇಲೆ ಅವ್ವನನ್ನು ಅಪ್ಪಿಕೊಂಡು ಬಿಡಲೇ ಇಲ್ಲ.

ಮುಂಬಯಿಯಿಂದ ರಾತ್ರಿ ಬಸ್ಸು ಹಿಡಿದು, ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿಳಿದೆವು. ಗುರಪ್ಪ ಮಾವ ಆರ್ಡರ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ಸಾಹೇಬರು ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, ಫ್ರಾನ್ಸಿನಲ್ಲಿ ರೈಲ್ವೆಯೇ ನಿಂತಿದೆಯಂತಲ್ಲ, ಹೇಗೆ ಬಂದಿರಿ ಎಂದರು.

"ನಿಲ್ಲಿಸಿದವರೇ ತಮ್ಮ ಕಾರಿನ್ಯಾಗ ತಂದು ಬಿಟ್ಟಾರ್ರಿ," ಎಂದೆ.

ಅವರು ನಂಬಿದಂತೆ ಕಾಣಲಿಲ್ಲ. ಆದರೂ ಸಹಿ ಮಾಡಿಸಿಕೊಂಡು, ರಾಯಬಾಗ ಸ್ಟೇಷನ್ ಎಂದು ಬರೆದರು.

ಅವ್ವ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಬೆಂಚು ಖಾಲಿಯಿದ್ದರೂ ಕುಳಿತಿರಲಿಲ್ಲ. ಆಯಿತು, ರಾಯಬಾಗ ಎಂದೆ. ಅವಳು ಹಾಗೇ ಜಾರಿ ಮೆಟ್ಟಿಲ ಮೇಲೆ ಕುಸಿದಳು. ಪೊಲೀಸರ ಲಾಠಿಗೂ ಅಳದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಆ ಬಸ್ ಹ್ವಾದಾಗಿಂದ ಜೀವಾ ಕೈಯಾಗ ಹಿಡಕೊಂಡಿದ್ನೆವ್ವಾ. ನಿನ್ನ ನೌಕರಿ ಹೋಗಿದ್ರ, ಕೆಲಸಾ ಬಿಟ್ಟು ಸಂಪಕ್ಕ ಬಾ ಅಂತ ನಾ ಮತ್ತ ಯಾವ ಹೆಣ್ಣಮಗಳನ್ನೂ ಕರೀತಿರಲಿಲ್ಲ."

ಮೂರು ದಿನ ಆ ಭಯವನ್ನು ಒಬ್ಬಳೇ ಹೊತ್ತಿದ್ದಳು. ನನಗೆ ಗೊತ್ತೇ ಆಗಿರಲಿಲ್ಲ. ಹೋಗಿ ಬರುವವರೆಲ್ಲ ನೋಡುತ್ತಿದ್ದರು. ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕುಳಿತೆ.

"ಕರಿ, ಎವ್ವಾ," ಎಂದೆ. "ನನ್ನೂ ಕರಿ."