ಗುರುಶಾಂತನ ಹಿತ್ತಾಳೆ ಗಂಟೆ

ನಾನು ಒಂದು ಸೈಕಲ್ ಗಂಟೆ. ಅಪ್ಪಟ ಹಿತ್ತಾಳೆ. ಕಾರ್ಖಾನೆಯಲ್ಲಿ ಬಡಿಸಿಕೊಂಡು, ಉಜ್ಜಿಸಿಕೊಂಡು ಹೊರಬಿದ್ದ ದಿನವೇ ನನ್ನ ಗಂಟಲು ಓಣಿಗೆಲ್ಲ ಕೇಳುವಷ್ಟು ದೊಡ್ಡದಿತ್ತು. ಗದಗಿನ ಅಂಚೆಯಣ್ಣನೊಬ್ಬರ ಸೈಕಲ್ಲಿನಲ್ಲಿ ಬಹುಕಾಲ ದುಡಿದೆ. ಅವರು ತೀರಿಕೊಂಡ ಮೇಲೆ ಸೈಕಲ್ ಗುಜರಿಗೆ ಹೋಯಿತು. ಮಗ ಗುರುಶಾಂತ ನನ್ನನ್ನು ಮಾತ್ರ ಬಿಚ್ಚಿಕೊಂಡು ತನ್ನ ಹೊಸ ಗೇರ್ ಸೈಕಲ್ಲಿಗೆ ಕೂರಿಸಿದ.

"ಏನಲೇ, ಹಿಮಾಲಯಕ್ಕ ಟಪಾಲು ಒಯ್ಯಾಕತ್ತೀ ಏನು?" ಎಂದು ನಕ್ಕವನು ಅವನ ಬಾಲ್ಯದ ಗೆಳೆಯ ಮುರಿಗೆಪ್ಪ. ಇಬ್ಬರೂ ರಜೆ ಹಾಕಿ, ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಸೈಕಲ್ ಮೇಲೆ ಲಡಾಖಿನ ಘಟ್ಟ ಹತ್ತಲು ಹೊರಟಿದ್ದರು. ಅಲ್ಲಿ ಗಾಳಿ ತೆಳು, ಕೂಗಲು ಉಸಿರು ಸಾಲದು. ಅದಕ್ಕೇ ಒಂದು ಕರಾರಾಯಿತು: ಗುರುಶಾಂತ ಗಂಟೆ ಬಾರಿಸಿದರೆ ಮುಂದಿರುವ ಮುರಿಗೆಪ್ಪ ನಿಲ್ಲಲೇಬೇಕು. ಮೊದಮೊದಲು ಅವನು ಪ್ರತಿ ಸಲವೂ ನಿಂತ. ನೀರು ಕೊಟ್ಟ, ರೊಟ್ಟಿ ಮುರಿದು ಕೊಟ್ಟ, ಕಾಡಿಸಿದ. ನಾನೂ ಬೀಗಿದೆ.

ಕೊನೆಯ ಏರಿನಲ್ಲಿ ಘಟ್ಟದ ನೆತ್ತಿಯ ಬಣ್ಣದ ಬಾವುಟಗಳು ಕಂಡವು. ಅಲ್ಲೇ ಗುರುಶಾಂತನಿಗೆ ತಲೆ ಸುತ್ತಿ ಬಂತು. ನನ್ನನ್ನು ಬಾರಿಸಿದ. ಮುರಿಗೆಪ್ಪನ ಕುತ್ತಿಗೆ ಅರ್ಧ ಹೊರಳಿತು. ನಾನು ಕಣ್ಣಾರೆ ಕಂಡೆ. ಗುರುಶಾಂತ ಮತ್ತೆ ಬಾರಿಸಿದ. ಮುರಿಗೆಪ್ಪ ತಲೆ ತಗ್ಗಿಸಿ ಇನ್ನೂ ಜೋರಾಗಿ ತುಳಿದ. ತುದಿ ಅಷ್ಟು ಹತ್ತಿರವಿತ್ತು! ಗುರುಶಾಂತ ಕುಸಿದ. ನಾನು ಹ್ಯಾಂಡಲ್ಲಿನಿಂದ ಕಿತ್ತು ಅವನ ಮುಷ್ಟಿಗೆ ಬಂದೆ. ಹಿಂದೆ ಬಂದ ಲಾರಿಯವನು ಎತ್ತಿ ಕೆಳಗಿನ ಆಸ್ಪತ್ರೆಗೆ ಸೇರಿಸದಿದ್ದರೆ ಅವನು ಉಳಿಯುತ್ತಿರಲಿಲ್ಲ.

"ಗಾಳಿ ಭಾಳ ಇತ್ತೋ, ಕೇಳಿಸಲೇ ಇಲ್ಲ," ಎಂದ ಮುರಿಗೆಪ್ಪ, ಹಾಸಿಗೆಯ ಪಕ್ಕ ಕೂತು. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ.

ಊರಿಗೆ ಬಂದ ಮೇಲೆ ಗುರುಶಾಂತ ಸೈಕಲ್ ಬಿಟ್ಟ. ನನ್ನನ್ನು ಗೆಳೆಯನ ಕೈಗಿಟ್ಟು "ನೀನಾ ಇಟ್ಕೋ" ಎಂದ. ಮುರಿಗೆಪ್ಪ ನನ್ನನ್ನು ಬಾಗಿಲ ಚೌಕಟ್ಟಿಗೆ ಜಡಿದ. ಯಾರೇ ಬಾರಿಸಲಿ, ಉಣ್ಣುವ ತಾಟು ಬಿಟ್ಟು ಓಡಿ ಬರುತ್ತಿದ್ದ. "ತರಕಾರಿ ಮಾರಾಕಿ ಬಂದಾಳ್ರೀ, ಮನಿಗೆ ಬೆಂಕಿ ಬಿದ್ದಿಲ್ಲ!" ಎಂದು ಹೆಂಡತಿ ಬೈಯುತ್ತಿದ್ದಳು. ಅವಳಿಗೇನು ಗೊತ್ತು? ಅವನ ಸಂಕಟ ನೋಡಿ ನನಗೇ ಬಾಯಿ ತೆರೆಯಲು ಸಂಕೋಚವಾಗುತ್ತಿತ್ತು.

ಒಂದು ಸಂಜೆ ಗುರುಶಾಂತನೇ ಬಾರಿಸಿದ. ಎಂಜಲು ಕೈಯಲ್ಲೇ ಓಡಿ ಬಂದ ಮುರಿಗೆಪ್ಪ ಅವನನ್ನು ಕಂಡು ಅಲ್ಲೇ ನಿಂತ.

"ಗುರ್ಯಾ, ಅವತ್ತ ನನಗ ಕೇಳಿಸಿತ್ತಲೇ."

"ನೀ ಹೊಳ್ಳಿ ನೋಡಿದ್ದು ನಾನೂ ನೋಡೀನಿ," ಎಂದ ಗುರುಶಾಂತ, ಚಪ್ಪಲಿ ಬಿಡುತ್ತಾ. "ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ಕಾದೆ. ಅಳಬ್ಯಾಡ, ಚಾ ಮಾಡಸು."

ಈಗ ನನ್ನ ಮೈಗೆ ತಗ್ಗು ಬಿದ್ದಿದೆ, ದನಿ ಒಡೆದಿದೆ. ತಪ್ಪನ್ನು ಒಬ್ಬರು ಮನ್ನಿಸಿದ ಮಾತ್ರಕ್ಕೆ ಇನ್ನೊಬ್ಬರ ಎದೆ ಹಗುರಾಗುವುದಿಲ್ಲ ಎಂಬುದನ್ನು ಈ ಚೌಕಟ್ಟಿನಲ್ಲಿ ಕಲಿತೆ. ಗುರುಶಾಂತ ಬರುವ ಸಂಜೆ ನನಗೆ ಕೆಲಸವೇ ಇಲ್ಲ. ಅವನು ಬೆರಳು ಎತ್ತುವುದರೊಳಗೆ ಮುರಿಗೆಪ್ಪ ಬಾಗಿಲು ತೆರೆದು ನಿಂತಿರುತ್ತಾನೆ.